ಹದಿನೆಂಟನೆಯ ನಿಮಿಷ

ಮಾರ್ಚ್ 4, ಬೆಳಿಗ್ಗೆ

ಮೂರನೆಯ ಟೆಸ್ಟನ್ನೂ ಗ್ರಾಫ್ ಹಾಳೆಗೆ ಇಳಿಸಿದ್ದಾಯಿತು. ಕಂಪ್ಯೂಟರ್ ಮಾಡುತ್ತದೆ, ನಿಜ. ಪೆನ್ಸಿಲ್ ಇಲ್ಲದೆ ನನಗೆ ಬಂಡೆ ಅರ್ಥವಾಗುವುದಿಲ್ಲ. ಎರಡು ಕಿಲೋಮೀಟರ್ ಆಳಕ್ಕೆ ನೀರು ಒತ್ತಿ ಬಿರುಕು ತೆರೆಸುತ್ತಾರೆ. ಪಂಪ್ ನಿಲ್ಲಿಸುತ್ತಾರೆ. ಒತ್ತಡ ಇಳಿಯುತ್ತದೆ. ಬಿರುಕು ಮುಚ್ಚಿಕೊಂಡ ಗಳಿಗೆಯಲ್ಲಿ ಗೆರೆ ಒಂದಿಷ್ಟು ಬಾಗುತ್ತದೆ. ಆ ಬಾಗು ಹುಡುಕಲೆಂದೇ, ರಿಟೈರ್ ಆದವನನ್ನು ಇನ್ನೂ ಕರೆಯುತ್ತಾರೆ.

ಸಿಕ್ಕಿತು. ಒತ್ತಡ 312 ಬಾರ್. ಅದಕ್ಕಿಂತ ಕೆಳಗೆ ಬಿರುಕು ಮುಚ್ಚಿಯೇ ಇರುತ್ತದೆ. ಮೂರು ಟೆಸ್ಟಿನಲ್ಲೂ ಹದಿನೆಂಟನೆಯ ನಿಮಿಷ. ಮೂರೂ ತಾಳೆಯಾಗುತ್ತವೆ, 'ಎಕ್ಸಲೆಂಟ್ ಅಗ್ರಿಮೆಂಟ್' ಎಂದು ವರದಿ ಬರೆದು ಸಹಿ ಹಾಕಿದೆ. ಹೆಂಡತಿ ಬದುಕಿದ್ದಿದ್ದರೆ, ಬೀಗ ಹಾಕಿದಾಗಲೂ ಸಹಿ ಹಾಕಿದಾಗಲೂ ಅವಳದು ಒಂದೇ ಮಾತು — ಇನ್ನೊಂದ್ಸಲ ನೋಡಿ.

ನೋಡಲಿಲ್ಲ.

ಮಾರ್ಚ್ 5

ಮ್ಯಾನೇಜರ್ ಫೋನ್. ನನ್ನ 312 ನೋಡಿ ಮೇಲ್ಮಿತಿ 300 ಎಂದು ಇಟ್ಟಿದ್ದಾರಂತೆ. ಬಂಡೆಯೊಳಗಿನ ಎಣ್ಣೆಯನ್ನು ತಳ್ಳಲು ಹನ್ನೆರಡನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ನೀರು ಒತ್ತಿ ಬಿಡುವುದು. ಇನ್ನೂರು ಮೀಟರ್ ಆಚೆ ಹಳೇ ಎಣ್ಣೆಬಾವಿಯ ರಿಪೇರಿ. ಬಾಯಿ ತೆರೆದೇ ಇರುತ್ತದೆ, ಸುತ್ತ ಎಂಟು ಜನ. ಅದರ ಮೇಲ್ವಿಚಾರಣೆ ನನ್ನ ಮಗಳದು. ಆಮೇಲೆ ಅವಳೂ ಫೋನ್ ಮಾಡಿ, ಅಪ್ಪನ ನಂಬರನ್ನು ನಂಬಿ ನಿಂತಿರ್ತೀನಿ ಎಂದು ನಕ್ಕಳು. ನನಗೂ ಒಂದು ಹೆಮ್ಮೆ... ಪ್ರೌಡ್ ಫಾದರ್, ಎಟ್ಸೆಟ್ರಾ.

ಮಾರ್ಚ್ 11, ಸಂಜೆ

ಮಗಳು ಬಂದಿದ್ದಳು. ಮೇಜಿನ ಮೇಲಿನ ಗ್ರಾಫ್ ನೋಡಿದಳು.

"ಅಪ್ಪ, ಮೂರನೇ ಸಲ ನೀರು ಮೂರು ಪಟ್ಟು ಹಾಕಿದ್ರು ಅಲ್ವಾ? ಆದ್ರೂ ಅದೇ ನಿಮಿಷಕ್ಕೆ ಮುಚ್ಕೊಳ್ತಾ?"

ಬಂಡೆ ಶಿಸ್ತಿನದು, ನಿನ್ನ ಹಾಗಲ್ಲ ಎಂದೆ. ನಕ್ಕು ಹೊರಟಳು. ಆಮೇಲೆ ಗ್ರಾಫನ್ನು ಮತ್ತೆ ಹತ್ತಿರ ಎಳೆದುಕೊಂಡೆ. ದೊಡ್ಡ ಬಿರುಕು ಮುಚ್ಚಲು ಹೆಚ್ಚು ಹೊತ್ತು ಬೇಕು. ಫಸ್ಟ್ ಇಯರ್ ಪಾಠ. ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು: ಜಂಟಲ್‌ಮೆನ್, ಫಸ್ಟ್ ಡೌಟ್ ದ ಗೇಜ್, ದೆನ್... ದೆನ್ ಏನು? ನೆನಪಾಗುತ್ತಿಲ್ಲ.

ಮಾರ್ಚ್ 12, 8.10

ಒತ್ತಡ ಅಳೆಯುವ ಗೇಜ್ ಸರಿ ಇದೆ. ಕಾಗದಪತ್ರ ನೋಡಿದೆ. ಮತ್ತೆ ಹದಿನೆಂಟು, ಹದಿನೆಂಟು, ಹದಿನೆಂಟು. ಬಂಡೆಗೆ ಕೈಗಡಿಯಾರ ಇರುವುದಿಲ್ಲ. ಮನುಷ್ಯನಿಗೆ ಇರುತ್ತದೆ.

ದೆನ್ ಆಸ್ಕ್ ದ ಮ್ಯಾನ್! ಅದೇ.

8.35

ಪಂಪಿನವನಿಗೆ ಫೋನ್ ಮಾಡಿದೆ. ಎಲ್ಲರೂ ಕರೆಯುವುದು ಹೊಗೆರಾಯ ಎಂದು. ಡ್ಯೂಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದ.

"ಪಂಪ್ ನಿಂತ್ಮೇಲೆ ನಂಗೇನ್ ಕೆಲ್ಸ ಸಾರ್? ಒಳಗೆ ಸೇದೋ ಹಾಗಿಲ್ಲ. ಗೇಟಿಂದಾಚೆ ಹೋಗಿ ಒಂದು ಸಿಗರೇಟು ಎಳ್ಕೊಂಡು ಬರ್ತೀನಿ. ಬಂದು ವಾಲ್ವ್ ಇನ್ನೊಂದು ಸುತ್ತು ಬಿಗಿ ಮಾಡ್ತೀನಿ. ಅದು ಹಳೇದು, ಸ್ವಲ್ಪ ಸೋರುತ್ತಲ್ಲ."

ಎಷ್ಟು ಹೊತ್ತು ಎಂದೆ. ಹೋಗಿ ಬರೋಕೆ ಹದಿನೇಳು ಹದಿನೆಂಟು ನಿಮಿಷ ಎಂದ. ಶುರುವಿಗೆ ಮುಂಚೆಯೂ ಒಂದು ಸೇದುತ್ತಾನಂತೆ, ಇಲ್ಲದಿದ್ದರೆ ಕೈ ಓಡುವುದಿಲ್ಲವಂತೆ.

ವಾಲ್ವ್ ಸೋರುವಾಗ ಒತ್ತಡ ಬೇಗ ಇಳಿದಿದೆ. ಅವನು ಬಿಗಿ ಮಾಡಿದಾಗ ನಿಧಾನವಾಗಿದೆ. ನನ್ನ ಬಾಗು ಅದೇ. ನಾನು ಸಹಿ ಹಾಕಿದ್ದು ಬಂಡೆಗಲ್ಲ, ಒಂದು ಸಿಗರೇಟಿಗೆ.

9.20

ಹದಿನೆಂಟು ದಾಟಿ ಮುಂದೆ ನೋಡಿದೆ. ಮೂರನೆಯ ಟೆಸ್ಟಿನಲ್ಲಿ ನಲವತ್ತೊಂದನೆಯ ನಿಮಿಷಕ್ಕೆ ಇನ್ನೊಂದು ಬಾಗು. ಕೂದಲೆಳೆಯಷ್ಟು. 287 ಬಾರ್. ಬಿರುಕು ನಿಜವಾಗಿ ಮುಚ್ಚಿದ್ದು ಇಲ್ಲಿ.

ಇವರು ಬಿಡುವುದು 300ರಲ್ಲಿ. ಬಿರುಕು ತೆರೆದುಕೊಳ್ಳುತ್ತದೆ. ಓಡುತ್ತದೆ, ಹಳೇ ಬಾವಿಯ ಕಡೆಗೇ. ತೆರೆದ ಬಾಯಿಂದ ನೀರು ಚಿಮ್ಮಿದರೆ, ಸುತ್ತ ನಿಂತ ಎಂಟು ಜನ...

9.31

ಮ್ಯಾನೇಜರ್ ಫೋನಿಗೆ ಸಿಕ್ಕರು. ಎಕ್ಸಲೆಂಟ್ ಅಂತ ನೀವೇ ಬರ್ದಿದ್ದೀರಲ್ಲ ಸಾರ್, ಬರೆದು ಕೊಡಿ, ಮೀಟಿಂಗ್ ಮುಗಿಸಿ ನೋಡ್ತೀನಿ ಎಂದರು. ಬರೆದೆ: ನನ್ನ ವರದಿ ತಪ್ಪು. ನಲವತ್ತು ವರ್ಷದಲ್ಲಿ ಮೊದಲ ಸಲ. ಫೋಟೋ ಕಳಿಸಿದೆ. ತೆರೆದು ನೋಡಿಲ್ಲ.

9.44

ಮಗಳ ಫೋನ್ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಬಾವಿಯ ಹತ್ತಿರ ಫೋನ್ ಒಯ್ಯುವಂತಿಲ್ಲ. ಗೇಟಿನ ಲಾಕರಿನಲ್ಲಿ ಇಡಬೇಕು. ಗೇಟಿನ ಗಾರ್ಡಿಗೆ ಮಾಡಿದೆ. ಒಬ್ಬನೇ ಇದ್ದಾನೆ, ಜಾಗ ಬಿಡುವ ಹಾಗಿಲ್ಲ. ಕಂಟ್ರೋಲ್ ರೂಮಿಗೆ ಹೇಳಿದನಂತೆ. ಮ್ಯಾನೇಜರ್ ಹೇಳಿದರೆ ಮಾತ್ರ ನಿಲ್ಲಿಸುತ್ತಾರಂತೆ.

ಪಂಪ್ ಶುರು ಮಾಡುವವನು ಹೊಗೆರಾಯನೇ. ಸಿಗರೇಟಿಗೆ ಹೊರಗೆ ಬಂದನೇ ಎಂದು ಕೇಳಿದೆ.

ಇವತ್ತು ಇನ್ನೂ ಬಂದಿಲ್ಲ.

9.53

ಫೋನ್ ಇಡಬೇಡ ಎಂದು ಗಾರ್ಡಿಗೆ ಹೇಳಿದ್ದೇನೆ. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬಾರಯ್ಯ ಮಾರಾಯ. ಇದೊಂದು ಸೇದಿಬಿಡು.

9.57

ಗಾರ್ಡ್ ಕೆಮ್ಮಿದ. ಹೆಜ್ಜೆ ಸದ್ದು... ಬಂದ್ರು ಸಾರ್, ಬೆಂಕಿಕಡ್ಡಿ ಹುಡುಕ್ತಾ ಇದ್ದಾರೆ, ಫೋನ್ ಅವ್ರಿಗೇ ಕೊಡ್ತೀನಿ ತಡೀರಿ —