ಲಾಲ್‌ಬಾಗಿಗೆ ಸಿಕ್ಕ ಅಪ್ಪಣೆ

ದಾಕ್ಷಾ,

ನಿನ್ನನ್ನು ಎಬ್ಬಿಸದೆ ಹೊರಟೆ. ಬೆಂಗಳೂರಿನ ರೈಲಿಗೆ ಪ್ರವಾಸಕ್ಕೆ ಹೊರಟ ಆಫೀಸಿನವರೆಲ್ಲ ಕಾಯುತ್ತಿರುತ್ತಾರೆ. ನಾಳೆ ಸಂಜೆ ಬರುತ್ತೇನೆ.

ನಾಳೆ ಗಂಡಿನವರು ಬಂದಾಗ ನನ್ನ ಟ್ರಂಕಿನಲ್ಲಿರುವ ನೇರಳೆ ರೇಷ್ಮೆ ಸೀರೆ ಉಟ್ಟುಕೋ. ಹೋದ ತಿಂಗಳು ನನ್ನನ್ನು ನೋಡಲು ಬಂದ ಇವರೇ ಕಾಫಿ ತಂದುಕೊಟ್ಟ ನಿನ್ನನ್ನು ಮದುವೆಗೆ ಕೇಳಿದ್ದು ನಿನ್ನ ತಪ್ಪಲ್ಲ ಕಣೆ. ಅತ್ತು ಕಣ್ಣು ಊದಿಸಿಕೊಳ್ಳಬೇಡ.

ಮೂರು ವರ್ಷದಿಂದ ಯಾವ ಪ್ರವಾಸಕ್ಕೂ ಬಿಡದಿದ್ದ ಅವ್ವ ಮೊನ್ನೆ ತಾನಾಗಿಯೇ, "ಹೋಗ್ಬುಟ್ಟು ಬಾ ಕಣಮ್ಮ, ಲಾಲ್‌ಬಾಗ್ ನೋಡ್ದಂಗಾಯ್ತದೆ" ಅಂದಳು. ನಾನು ಮನೆಯಲ್ಲಿರಬಾರದೆಂದು ಆಗಲೇ ತಿಳಿಯಿತು. ಪ್ರವಾಸದಲ್ಲಿ ಗೆಳತಿಯರೆಲ್ಲ ನಗುವಾಗ ಈ ಮುಖವನ್ನು ಎಲ್ಲಿ ಬಚ್ಚಿಡಲಿ?

ಒಪ್ಪಿದರೆ ಹೂ ಮುಡಿಸಿ ಹೋಗುತ್ತಾರೆ. ನಾನು ಬರುತ್ತೇನೆಂದು ತೆಗೆದಿಡಬೇಡ. ಮುಡಿದುಕೊಂಡೇ ಬಾಗಿಲು ತೆಗೆ.

ಅಕ್ಕ