ಆ ಹುಡುಗ ಸಿಕ್ಕಿದನೇ

ಬಿಳಿಗೆರೆ, ತಿಪಟೂರು ತಾಲ್ಲೂಕು
ಭಾನುವಾರ, ೧೬-೬-೧೯೮೫

ಪ್ರೀತಿಯ ಇವರಿಗೆ,

ಗಿರಿಜಾಂಬಿಕಾಳ ನಮಸ್ಕಾರಗಳು. ಅಲ್ಲಿ ಚಳಿ ಹೋಗಿ ಸೆಕೆ ಶುರುವಾಗಿದೆ ಎಂದು ಹೋದ ಸಲ ಬರೆದಿದ್ದಿರಿ. ಸೆಕೆ ಬಂದರೆ ನಿಮಗೆ ಮೂಗಿನಲ್ಲಿ ರಕ್ತ ಬರುತ್ತದೆ, ಈ ವರ್ಷವೂ ಬಂತೇ? ನೆತ್ತಿಗೆ ಎಣ್ಣೆ ಒತ್ತಿಕೊಳ್ಳುವುದನ್ನು ಬಿಡಬಾರದೆಂದು ಅತ್ತೆ ಎರಡು ಸಲ ಹೇಳಿ ಬರೆಸುತ್ತಿದ್ದಾರೆ. ಇಲ್ಲಿ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಮಾವನ ಬಲಗಣ್ಣಿಗೂ ಪೊರೆ ಬಂದಿದೆ, ಈಗ ಬಾಗಿಲಲ್ಲಿ ನಿಂತವರು ಯಾರೆಂದು ದನಿ ಕೇಳಿಯೇ ಗುರುತು ಹಿಡಿಯುತ್ತಾರೆ. ಮಳೆ ಒಂದು ಹದ ಬಂದು ಹೋಗಿದೆ. ಮಾಯಸಂದ್ರದಲ್ಲಿ ನಮ್ಮಪ್ಪ ಅಮ್ಮ ಚೆನ್ನಾಗಿದ್ದಾರೆ. ಕ್ಷೇಮ ಸಮಾಚಾರ ಇಷ್ಟಕ್ಕೇ ನಿಲ್ಲಿಸುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ನಿಮಗೆ ಹಿತವಾಗುವುದಿಲ್ಲ. ನಿಮ್ಮ ಜೂನ್ ಒಂದನೇ ತಾರೀಖಿನ ಕಾಗದ ಗುರುವಾರ ಬಂತು. ಅದನ್ನು ಓದಿ ಮೂರು ದಿನ ಆಯಿತು. ನನಗೆ ಅಸಹ್ಯವಾಗಿದೆ. ಇದಕ್ಕಿಂತ ಮೆತ್ತಗಿನ ಪದ ಹುಡುಕಿದೆ, ಸಿಗಲಿಲ್ಲ.

ನೀವು ತರಬೇತಿಗೆಂದು ಇಟಲಿಯ ಆ ತೂರಿನ್ ಪಟ್ಟಣಕ್ಕೆ ಹೋದ ಮೇಲೆ ಬಂದ ಕಾಗದಗಳನ್ನೆಲ್ಲ ನಾನು ಜೋಡಿಸಿಟ್ಟಿದ್ದೇನೆ. ಹೆಂಡತಿಗೆ ಬರೆದ ಕಾಗದದಲ್ಲಿ ಹೆಂಡತಿಗೆಂದು ಇದ್ದದ್ದು ಮೇಲಿನ ಒಂದು ಸಾಲು, ಕೆಳಗಿನ ಒಂದು ಸಾಲು. ನಡುವೆ ಇದ್ದದ್ದೆಲ್ಲ ಫುಟ್ಬಾಲು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆದರೆ ಮಾವನಿಗೆ ಓದಿ ಹೇಳುತ್ತಾ ಹೇಳುತ್ತಾ ನನಗೂ ರುಚಿ ಹತ್ತಿತು. ದೇಶ ದೇಶದಲ್ಲಿ ಗೆದ್ದ ತಂಡಗಳು ಸೇರುತ್ತವೆ, ಇಬ್ಬಿಬ್ಬರಿಗೆ ಜೋಡಿ ಹಾಕುತ್ತಾರೆ, ಅವರೂರಲ್ಲಿ ಒಂದು ಆಟ, ನಮ್ಮೂರಲ್ಲಿ ಒಂದು ಆಟ, ಎರಡರ ಗೋಲೂ ಕೂಡಿಸಿ ಕಡಿಮೆಯಾದವರು ಮನೆಗೆ ಹೋಗಬೇಕು ಎಂದು ನೀವು ಬರೆದಾಗ ಮಾವ, ‘ಸರಿ ಬುಡು, ಗೊತ್ತಾಯ್ತು. ಯೋಪಾರ ಎರಡು ಸಂತೇಲಿ, ಲೆಕ್ಕ ಒಂದೇ ಸಲ’ ಎಂದರು. ನಿಮ್ಮ ತೂರಿನ್ನಿನ ತಂಡ ಯುವೆಂಟಸ್‌ನವರ ಕಪ್ಪುಬಿಳಿ ಪಟ್ಟೆಯ ಚಿತ್ರ ಬಂದಾಗ ಅತ್ತೆ, ‘ಇದ್ಯಾಕೆ ಜೈಲಿನೋರ ಅಂಗಿ ಹಾಕವ್ರೆ’ ಎಂದು ನಕ್ಕಿದ್ದರು. ಫಿನ್ಲೆಂಡಿನವರಿಗೆ ಆರು ಗೋಲು, ಸ್ವಿಟ್ಜರ್ಲೆಂಡಿನವರಿಗೆ ಆರು. ಬೇಸಿಗೆ ಹೊತ್ತಿಗೆ ಪ್ರಾಗಿನವರೂ ಹೋದರು. ಬೋರ್ಡೋದವರ ಮೇಲೆ ನಿಮ್ಮೂರಲ್ಲಿ ಮೂರು ಹೊಡೆದು, ಅವರೂರಲ್ಲಿ ಎರಡು ತಿಂದು, ಕೂದಲೆಳೆಯಲ್ಲಿ ಫೈನಲ್ ಮುಟ್ಟಿದ ಕಾಗದ ಬಂದ ದಿನ ಕಾಯಿ ಸುಲಿಯುವವರು, ಒಡೆಯುವವರು ಎಲ್ಲ ಕೆಲಸ ಬಿಟ್ಟು ಅಂಗಳದಲ್ಲಿ ಕೂತು ಕೇಳಿದರು. ಈ ಊರಲ್ಲಿ ಆ ಆಟ ಕಣ್ಣಿಂದ ನೋಡಿದವರು ಒಬ್ಬರೂ ಇಲ್ಲ. ಆದರೂ ಎಲ್ಲರ ಬಾಯಲ್ಲೂ ‘ನಮ್ಮೋರು’ ಎಂದೇ ಆಗಿಹೋಗಿತ್ತು.

ಆಟದಷ್ಟೇ ನಮಗೆ ಪಿಯೆರೋ ಅವರೂ ಪರಿಚಯವಾದರು. ನಿಮ್ಮ ಪಕ್ಕದ ಲೇತಿನಲ್ಲಿ ಕೆಲಸ ಮಾಡುವ ಆ ಹಿರಿಯರು ನಿಮ್ಮನ್ನು ಮೊದಲ ಆಟಕ್ಕೆ ಕರೆದುಕೊಂಡು ಹೋದದ್ದು, ನೀವು ಮಾಂಸ ತಿನ್ನುವುದಿಲ್ಲವೆಂದು ಅವರ ಹೆಂಡತಿ ಬೇರೆ ಪಾತ್ರೆಯಲ್ಲಿ ಕಡಲೆಕಾಳಿನ ಸಾರು ಮಾಡಿಟ್ಟದ್ದು, ಆ ತಾಯಿಯೇ ನಿಮಗೆ ಮಫ್ಲರ್ ಹೆಣೆದು ಕೊಟ್ಟದ್ದು, ಎಲ್ಲ ನೀವೇ ಬರೆದದ್ದು. ಅತ್ತೆ ದಿನಾ ದೀಪ ಹಚ್ಚುವಾಗ ‘ಆ ಪಿಯೆರಪ್ಪನ ಮನೆ ತಣ್ಣಗಿರಲಿ’ ಎನ್ನುತ್ತಾರೆ. ಬ್ರಸೆಲ್ಸ್‌ನಲ್ಲಿ ನಡೆಯುವ ಫೈನಲ್‌ಗೆ ಅವರೇ ನಿಮಗೂ ಟಿಕೆಟ್ ತಂದರು, ಕಾರ್ಖಾನೆಯವರೆಲ್ಲ ಒಂದು ಬಸ್ಸು ಮಾಡಿಕೊಂಡು ಹೋಗುತ್ತೇವೆ ಎಂದು ಬರೆದಿದ್ದಿರಿ. ಹಾಗಾಗಿ ಮೇ ಇಪ್ಪತ್ತೊಂಬತ್ತಕ್ಕೆ ನೀವೆಲ್ಲಿರುತ್ತೀರಿ ಎನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೂವತ್ತನೇ ತಾರೀಖು ಬೆಳಿಗ್ಗೆ ರೇಡಿಯೋ ವಾರ್ತೆಯಲ್ಲಿ ಬಂತು. ಆಟ ಶುರುವಾಗುವ ಮೊದಲೇ ಎದುರು ತಂಡದ ಕಡೆಯವರು ನುಗ್ಗಿದರು, ಜನ ಗೋಡೆಗೆ ಒತ್ತರಿಸಿಕೊಂಡು ಗೋಡೆ ಕುಸಿಯಿತು, ಕಾಲ್ತುಳಿತದಲ್ಲಿ ಎಷ್ಟೋ ಜನ ಸತ್ತಿದ್ದಾರೆ, ಸತ್ತವರಲ್ಲಿ ಇಟಲಿಯವರೇ ಹೆಚ್ಚು ಎಂದರು. ಅತ್ತೆ ಕೂತಲ್ಲೇ ಅಡ್ಡಬಿದ್ದರು. ಮಾವ ಚಪ್ಪಲಿಯನ್ನೂ ಮೆಟ್ಟದೆ, ಕಾಯಿ ಸುಲಿಯುವ ದುರ್ಗಯ್ಯನ ಹೆಗಲು ಹಿಡಿದುಕೊಂಡು ತಿಪಟೂರಿನ ಬಸ್ಸು ಹತ್ತಿ, ತಂತಿ ಆಫೀಸಿನಲ್ಲಿ ನಿಮ್ಮ ಕಾರ್ಖಾನೆಗೆ ತಂತಿ ಕೊಟ್ಟು ಅಲ್ಲೇ ಸಂಜೆಯವರೆಗೆ ಕೂತಿದ್ದರು. ಮರುದಿನ ಪೇಪರಿನಲ್ಲಿ ಮೂವತ್ತೆಂಟು ಎಂದು ಬಂತು. ಒಂದು ಫೋಟೋ ಇತ್ತು. ಅದನ್ನು ಅತ್ತೆಗೆ ತೋರಿಸದೆ ಮಡಚಿಟ್ಟೆ. ನಾಲ್ಕನೇ ದಿನ ನಮ್ಮ ಪೋಸ್ಟ್ ಮೇಷ್ಟ್ರು ಏಕಾಂತಯ್ಯನವರು ಸೈಕಲ್ಲಿನಿಂದ ಇಳಿಯುವ ಮೊದಲೇ ‘ಕ್ಷೇಮ ಕಣವ್ವ, ಕ್ಷೇಮ’ ಎನ್ನುತ್ತಾ ಬಂದರು. ನಿಮ್ಮ ತಂತಿಯಲ್ಲಿ ಎರಡು ಮಾತಿತ್ತು: ಕ್ಷೇಮವಾಗಿದ್ದೇನೆ, ಕಪ್ ನಮ್ಮದು. ಆವತ್ತು ಎರಡನೇ ಮಾತು ನಮಗ್ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ. ಅತ್ತೆ ಬಂದವರ ಕೈಗೆಲ್ಲ ಸಕ್ಕರೆ ಹಾಕಿದರು. ನಾನೂ ತಿಂದೆ.

ಆಮೇಲೆ ಈ ಕಾಗದ. ಎಂದಿನಂತೆ ಸಂಜೆ ಎಲ್ಲರೂ ಅಂಗಳದಲ್ಲಿ ಸೇರಿದ್ದರು. ದುರ್ಗಯ್ಯನ ಹೆಂಡತಿ ಭೂತಮ್ಮ ಕಾಯಿ ಒಡೆಯುವುದನ್ನು ನಿಲ್ಲಿಸಿ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಗಟ್ಟಿಯಾಗಿ ಓದಿದೆ. ನೀವು ಏನು ಬರೆದಿದ್ದೀರಿ ಎನ್ನುವುದು ನಿಮಗೆ ಮರೆತಿರಬಹುದು, ನಾನೇ ಬರೆಯುತ್ತೇನೆ, ಓದಿ ನೋಡಿ. ‘ಆಚೆ ತುದಿಯಲ್ಲಿ ಏನೋ ಗಲಾಟೆ ಆಯಿತು. ಸಾವಿನ ಸುದ್ದಿ ನಮ್ಮ ಕಡೆಗೂ ಬಂತು. ಒಂದೂವರೆ ಗಂಟೆ ಸುಮ್ಮನೆ ಕೂರಿಸಿ ಬೇಜಾರು ಹಿಡಿಸಿಬಿಟ್ಟರು. ಆಟ ನಡೆಯುವುದೇ ಇಲ್ಲವೇನೋ ಎಂದು ನಮಗೆಲ್ಲ ಹೆದರಿಕೆ.’ ಹೆದರಿಕೆ ಯಾವುದಕ್ಕೆ ನೋಡಿ. ಅದರ ಕೆಳಗೆ ಹೀಗಿದೆ: ‘ಪಾಪ, ಪಿಯೆರೋ ಗೋಲು ನೋಡಲೇ ಇಲ್ಲ. ಅವರ ತಂಗಿಯ ಮಗ ಆ ಗೋಡೆಯ ಕಡೆ ಇದ್ದನಂತೆ, ಹುಡುಕಲು ಹೋದರು. ನೀನೂ ಬಾ ಎಂದರು. ಇಬ್ಬರೂ ಎದ್ದರೆ ಜಾಗ ಹೋಗುತ್ತದೆ ಎಂದು ನಾನು ಕೂತೆ.’ ಆಮೇಲೆ ಒಂದೂವರೆ ಪುಟ ಆ ಪೆನಾಲ್ಟಿಯದೇ. ತಪ್ಪು ನಡೆದದ್ದು ಗೆರೆಯ ಆಚೆಗೆ, ಆದರೂ ನಮಗೆ ಕೊಟ್ಟರು, ಅದೃಷ್ಟ ಎಂದರೆ ಇದು ಎಂದು ನಕ್ಕಿದ್ದೀರಿ. ಗೆದ್ದವರು ಕಪ್ ಹಿಡಿದು ಮೈದಾನದಲ್ಲಿ ಓಡಿದ್ದು, ನೀವೆಲ್ಲ ಗಂಟಲು ಹರಿಯುವ ಹಾಗೆ ಕೂಗಿದ್ದು, ಮಾರನೆಯ ದಿನ ಊರಿಗೆ ಬಂದು ಬೀದಿಯಲ್ಲಿ ಕುಣಿದದ್ದು. ಕಡೆಗೆ ಅಕ್ಟೋಬರಿಗೆ ನನ್ನನ್ನು ಕರೆಸಿಕೊಳ್ಳುತ್ತೀರಿ, ಮುಂದಿನ ವರ್ಷದ ಆಟಗಳನ್ನು ಇಬ್ಬರೂ ಜೊತೆಗೆ ನೋಡೋಣ ಎಂದು ಒಂದು ಸಾಲು.

ನಾನು ಓದಿ ನಿಲ್ಲಿಸಿದೆ. ಭೂತಮ್ಮ ಕೇಳಿದಳು, ‘ಅವ್ವಾ, ಆ ಹುಡ್ಗ ಸಿಕ್ಕಿದ್ನಾ?’ ಕಾಗದದಲ್ಲಿ ಅದು ಇರಲಿಲ್ಲ. ಮಾವ, ‘ಹಿಂದ್ಗಡೆ ನೋಡವ್ವ, ಏನಾರ ಬರ್ದಿರ್ತಾನೆ’ ಎಂದರು. ತಿರುಗಿಸಿ ನೋಡಿದೆ. ಹಿಂದುಗಡೆ ನೀವು ಗೋಲಿನ ಕಂಬ ಬರೆದು, ಚೆಂಡು ಹೋದ ದಾರಿಗೆ ಬಾಣದ ಗುರುತು ಹಾಕಿದ್ದಿರಿ. ‘ಇಲ್ಲ ಮಾವ’ ಎಂದೆ. ‘ಇನ್ನೊಂದ್ ಸಲ ನೋಡು’ ಎಂದರು. ಮೂರು ಸಲ ನೋಡಿಸಿದರು. ಕೊನೆಗೆ, ‘ಸಾಕು ಬುಡವ್ವ, ಮಡಚಿಡು’ ಎಂದು ಗೋಡೆ ತಡವಿಕೊಂಡು ಒಳಗೆ ಹೋದರು. ಮಾರನೆಯ ದಿನ ಕೊಬ್ಬರಿ ವ್ಯಾಪಾರದವರು ಬಂದು ‘ಮಗ ಫೈನಲ್ ನೋಡ್ದ ಅಂದ್ರಲ್ಲ ಸದಾಶಿವಯ್ಯನೋರೆ, ಏನ್ ಬರ್ದವ್ನೆ’ ಎಂದು ಕೇಳಿದಾಗ ಮಾವ, ‘ಕಾಗದ ಇನ್ನೂ ಬಂದಿಲ್ಲ ಕಣಪ್ಪ’ ಎಂದರು. ನಾನು ನೀರಿನ ಚೆಂಬು ಹಿಡಿದು ಅಲ್ಲೇ ನಿಂತಿದ್ದೆ. ಅವರು ಸುಳ್ಳು ಹೇಳಿದ್ದನ್ನು ಈ ಮನೆಗೆ ಬಂದ ಮೇಲೆ ಮೊದಲ ಸಲ ಕೇಳಿದೆ.

ನೀವು ಹಾಗಿದ್ದವರೇ ಆಗಿದ್ದರೆ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ. ನಮ್ಮ ಮದುವೆಯಾಗಿ ಹದಿನೆಂಟನೇ ದಿನ, ಮಾಯಸಂದ್ರಕ್ಕೆ ಹೊರಡಲು ನೀವು ರೇಷ್ಮೆ ಪಂಚೆ ಉಟ್ಟು ನಿಂತಿದ್ದಿರಿ. ಆಗ ಕಾಯಿ ತುಂಬಿದ್ದ ಅಟ್ಟ ಮುರಿದು ದುರ್ಗಯ್ಯನ ಮೇಲೆ ಬಿತ್ತು. ವರ್ಷದ ಕಾಯೆಲ್ಲ ಅವನ ಮೇಲಿತ್ತು. ‘ಉಳಿದಿರಾಕಿಲ್ಲ ಬುಡಿ, ಪೊಲೀಸ್ನೋರು ಬರ್ಲಿ’ ಎಂದು ಹೊರಗೆ ನಿಂತವರು ಹೇಳುತ್ತಿದ್ದರು. ಮೇಲಿನ ತೊಲೆ ಇನ್ನೂ ಅಲ್ಲಾಡುತ್ತಿತ್ತು. ನೀವು ಒಳಗೆ ನುಗ್ಗಿ, ‘ಸಿಗೋವರ್ಗೂ ತೆಗೀರ್ಲಾ’ ಎಂದು ಕೂಗಿ, ಎರಡು ಕೈಯಲ್ಲೂ ಕಾಯಿ ಎಸೆಯುತ್ತಾ ಹೋದಿರಿ. ಅವನ ಕಾಲು ಕಂಡಾಗ ನೀವು ಅತ್ತಿರಿ, ನಾನು ನೋಡಿದ್ದೇನೆ. ದುರ್ಗಯ್ಯ ಇವತ್ತು ಕುಂಟುತ್ತಾನೆ, ಆದರೆ ಓಡಾಡುತ್ತಾನೆ. ಆವತ್ತು ಆ ಹರಿದ ಪಂಚೆಯನ್ನು ಒಗೆಯುವಾಗ, ನನ್ನನ್ನು ಎಂಥವರಿಗೆ ಕೊಟ್ಟಿದ್ದಾರೆ ಎಂದು ನನಗೆ ಗೊತ್ತಾಗಿತ್ತು. ಅಲ್ಲಿಯವರೆಗೆ ನಿಮ್ಮ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ದುರ್ಗಯ್ಯನಿಗೆ ಹಾಗೆ ಎದ್ದವರಿಗೆ ಪಿಯೆರೋ ಅವರು ಬಾ ಎಂದು ಕರೆದಾಗ ಏಳಲಿಕ್ಕೆ ಏನಾಗಿತ್ತು? ಜಾಗ ಹೋಗುತ್ತದೆ ಎಂದು ಬರೆದಿದ್ದೀರಲ್ಲ, ಹೋಗಿದ್ದರೆ ಏನಾಗುತ್ತಿತ್ತು? ಕೆಟ್ಟ ಕೊಬ್ಬರಿ ಕಚ್ಚಿದರೆ ಎಷ್ಟು ಉಗಿದರೂ ಬಾಯಲ್ಲಿ ಉಳಿಯುತ್ತದಲ್ಲ, ಹಾಗೆ ಆ ಒಂದು ಸಾಲು ಊಟಕ್ಕೆ ಕೂತರೂ ನನ್ನನ್ನು ಬಿಡುತ್ತಿಲ್ಲ.

ನಿಮ್ಮ ಸುತ್ತ ಇದ್ದವರೂ ಕೂತೇ ಇದ್ದರು ಎಂದು ನೀವು ಹೇಳಬಹುದು. ಆಟ ನಡೆಸಿದ ದೊಡ್ಡವರೇ ನಡೆಸಿದರು, ಆಡಿದವರು ಆಡಿದರು, ನಾನೊಬ್ಬ ಎದ್ದಿದ್ದರೆ ಏನಾಗುತ್ತಿತ್ತು ಎನ್ನಬಹುದು. ಅವರ ಮೇಲೂ ನನಗೆ ಅಷ್ಟೇ ಹೇಸಿಗೆ ಇದೆ. ಹೆಣಗಳನ್ನು ಸಾಗಿಸುತ್ತಿರುವಾಗ ಪಕ್ಕದಲ್ಲೇ ಸೀಟಿ ಊದಿ ಚೆಂಡು ಉರುಳಿಸುವುದಕ್ಕೆ ಅವರಿಗೆ ಏನೇನು ಕಾರಣ ಇತ್ತೋ, ಪೇಪರಿನವರು ಏನೇನೋ ಬರೆದಿದ್ದಾರೆ. ಅವರ್ಯಾರೂ ನನಗೆ ಕಾಗದ ಬರೆಯಲಿಲ್ಲ. ಬರೆದದ್ದು ನೀವು.

ಮಾರನೆಯ ದಿನ ಬೀದಿಯಲ್ಲಿ ತೆಗೆಸಿಕೊಂಡು ಕಾಗದದ ಜೊತೆಗೆ ಕಳಿಸಿದ್ದ ಫೋಟೋದಲ್ಲಿ ಪಟ್ಟೆ ಬಾವುಟ ಹೊದ್ದು ಬಾಯಿ ತುಂಬ ನಗುತ್ತಿದ್ದೀರಿ. ಅತ್ತೆ ಮೊದಲು ಅದನ್ನು ದೇವರ ಗೂಡಿನಲ್ಲಿಟ್ಟಿದ್ದರು. ಕಾಗದ ಓದಿಯಾದ ಮೇಲೆ ತಾವೇ ತೆಗೆದುಕೊಂಡು ಬಂದು, ‘ಇದು ನನ್ ಮಗ ಅಲ್ಲ ಕಣವ್ವ, ನೀನೇ ಇಟ್ಕೊ’ ಎಂದು ನನ್ನ ಕೈಗೆ ಕೊಟ್ಟರು. ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಹರಿಯಬೇಡಿ, ನೋಡಿಕೊಳ್ಳಿ.

ನನಗೆ ನಿಮ್ಮಿಂದ ಬೇಕಾದದ್ದು ಇಷ್ಟೇ. ಪಿಯೆರೋ ಅವರ ಮನೆಗೆ ಹೋಗಿ. ಹುಡುಗ ಬದುಕಿದ್ದರೆ ಅವನನ್ನು ನೋಡಿಕೊಂಡು ಬನ್ನಿ, ಇಲ್ಲದಿದ್ದರೆ ಅವನ ತಾಯಿಯ ಎದುರು ಹೋಗಿ ಕೂತುಕೊಳ್ಳಿ. ಬಯ್ದರೆ ಬಯ್ಯಿಸಿಕೊಳ್ಳಿ. ಮುಂದಿನ ಕಾಗದದ ಮೊದಲ ಸಾಲಿನಲ್ಲಿ ಅವನ ಹೆಸರಿರಬೇಕು. ಆ ಸಾಲು ಇಲ್ಲದ ಕಾಗದ ಬಂದರೆ ನಾನು ಅಂಗಳದಲ್ಲಿ ಓದುವುದಿಲ್ಲ, ಒಳಗೂ ಓದುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿ ಭರ್ತಿ ಮಾಡಿಟ್ಟಿದ್ದೇನೆ, ಸಹಿ ಹಾಕಿಲ್ಲ.

ಅತ್ತೆ ಮಾವ ಆಶೀರ್ವಾದ ಹೇಳಿಸಿದ್ದಾರೆ. ಮಾವ ಸ್ವಲ್ಪ ಹೊತ್ತು ತಡೆದು ಹೇಳಿದರು, ಆದರೆ ಹೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಗಿರಿಜಾಂಬಿಕಾ

ಮತ್ತೆ: ಸೋಮವಾರ ಬೆಳಗಾಗಿ ಟಪಾಲು ಕಟ್ಟುವ ಹೊತ್ತಾಯಿತು, ಏಕಾಂತಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ. ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಆವತ್ತು ಬೆಳಿಗ್ಗೆ ರೇಡಿಯೋದಲ್ಲಿ ಗೋಡೆ ಬಿತ್ತು, ಜನ ಸತ್ತರು ಎಂದಾಗ ಅತ್ತೆ ಬಿದ್ದರು, ಮಾವ ಎದ್ದರು. ನಾನು ಒಲೆಯ ಮುಂದೆ ಸೌಟು ಹಿಡಿದುಕೊಂಡು, ಯಾರು ಗೆದ್ದರು ಎಂದು ಹೇಳುವುದನ್ನು ಕಾಯುತ್ತಾ ನಿಂತಿದ್ದೆ. ಒಂದು–ಸೊನ್ನೆ ಎಂದ ಮೇಲೆ ನೀವು ಅಲ್ಲಿದ್ದೀರಿ ಎಂದು ನನಗೆ ನೆನಪಾಯಿತು. ಕಾಗದ ಓದುವಾಗಲೂ ಪೆನಾಲ್ಟಿ ಬಂದಾಗ ನನ್ನ ದನಿ ಏರಿತ್ತು. ಭೂತಮ್ಮ ಕೇಳುವವರೆಗೆ ಆ ಹುಡುಗ ನನ್ನ ತಲೆಯಲ್ಲೂ ಇರಲಿಲ್ಲ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಈ ಕಾಗದ ತಲುಪಿದ ದಿನವೇ ಪಿಯೆರೋ ಅವರ ಮನೆಗೆ ಹೋಗಿ, ನಾಳೆ ಎನ್ನಬೇಡಿ. ಆ ಹುಡುಗ ಸಿಕ್ಕಿದನೇ ಎಂದು ನಾನೂ ಕೇಳಿದೆನೆಂದು ಅವನ ತಾಯಿಗೆ ಹೇಳಿ.