ನಾಲ್ಕನೇ ಕುರ್ಚಿಯ ಪುಟ್ಟ ಟ್ರಾಂಬೋನ್

ಮನೆಯ ಹಿಂದಿನ ಕೋಣೆಯಿಂದ,
ಮಾರ್ಚ್ ಹನ್ನೊಂದು, ಬೆಳಗಿನ ಒಂಬತ್ತು ಗಂಟೆ

ಪ್ರೀತಿಯ ಪೀಪಿಗೆ ತಾತನ ಆಶೀರ್ವಾದಗಳು. ಈ ಸಲ ನಿನ್ನ ದಾಖಲೆಯ ಹೆಸರನ್ನೇ ಬರೆಯಬೇಕೆಂದಿದ್ದೆ; ಲೇಖನಿ ಒಪ್ಪಲಿಲ್ಲ.

ಆರೋಗ್ಯ ಹೇಗಿದೆ? ಅಲ್ಲಿನ ಚಳಿಗೆ ನಿನ್ನ ತುಟಿ ಒಡೆಯುತ್ತಿದೆಯೆಂದು ನಿನ್ನ ಅಮ್ಮ ಹೇಳಿದಳು. ಮುಲಾಮು ಹಚ್ಚು, ನಾಲಗೆಯಿಂದ ಸವರಬೇಡ. ನನ್ನ ಮೊಣಕೈ ನೋವು ಇದ್ದ ಹಾಗೇ ಇದೆ. "ಊದೋದು ಬಿಟ್ಟು ಮೂರು ವರ್ಷ ಆಯ್ತು, ಇನ್ನೂ ಕೈ ಚಾಚ್ಕೊಂಡೇ ಮಲಗ್ತೀರಿ" ಎಂದು ನಿನ್ನ ಅಜ್ಜಿ ದೂರುತ್ತಾಳೆ.

ಈ ಮೂಲಕ ನಿನ್ನ ಅವಗಾಹನೆಗೆ ತರಬಯಸುವುದೇನೆಂದರೆ, ನಿನ್ನ ಹೊಸ ಬ್ಯಾಂಡಿನ ಕಾರ್ಯಕ್ರಮಪತ್ರಿಕೆ ಮೊನ್ನೆ ನನ್ನ ಕೈಸೇರಿತು. ನೀನು ಕಳಿಸಿದ್ದಲ್ಲ, ನಮ್ಮ ಬ್ಯಾಂಡಿನ ಹಳೆಯ ಟ್ರಂಪೆಟ್ ವಾದಕರು, ಎದುರುಮನೆಯವರು, ತಂದುಕೊಟ್ಟರು. ಕನ್ನಡಕ ಒರೆಸಿಕೊಂಡು ಟ್ರಾಂಬೋನ್ ಸಾಲನ್ನು ಎರಡು ಸಲ ಓದಿದೆ. ನೀನಿರಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು: ಟ್ರಂಪೆಟ್ ಸಾಲು, ಮೂರನೆಯ ಹೆಸರು. "ಕೊನೆಗೂ ನಮ್ಮ ಕಡೆ ಬಂದ್ಬಿಟ್ಳಲ್ರೀ" ಎಂದು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡೆ.

ನಿನಗಾಗ ಏಳು ವರ್ಷ. ನನ್ನ ಟೆನರ್ ಟ್ರಾಂಬೋನಿನ, ಸ್ವರ ಬದಲಿಸುವ ಜಾರುಕೊಳವೆಯನ್ನು ಪೂರ್ತಿ ಚಾಚಲು ಕೈ ಸಾಲದೆ ನೀನು ಅತ್ತಿದ್ದೆ. ಆದ್ದರಿಂದಲೇ ಸೊಪ್ರಾನೋ ಟ್ರಾಂಬೋನನ್ನು ಹುಡುಕಿ ತಂದೆ: ಉದ್ದದಲ್ಲಿ ನನ್ನದರ ಅರ್ಧ, ದನಿಯಲ್ಲಿ ಒಂದು ಸ್ಥಾಯಿ ಮೇಲೆ. ಟ್ರಂಪೆಟ್ಟಿನ ಶ್ರುತಿಯೇ ಆದರೂ ಅದರಂತೆ ಒತ್ತುವ ಗುಂಡಿಗಳಿಲ್ಲ, ಜಾರುಕೊಳವೆಯೇ. ಕೊಳವೆ ಗಿಡ್ಡವಾದ್ದರಿಂದ ಅರ್ಧ ಬೆರಳು ತಪ್ಪಿದರೂ ಸ್ವರ ಕೆಡುತ್ತದೆ. ನಾನು ಊದಿದರೆ ಅಭ್ಯಾಸಬಲದಿಂದ ಕೈ ಮುಂದೋಡುತ್ತಿತ್ತು. "ತಾತ, ಅಷ್ಟು ದೂರ ಹೋಗ್ಬೇಡ, ಸ್ವರದ ಮನೆ ಇಲ್ಲೇ ಇದೆ" ಎಂದು ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದವಳು ನೀನು.

"ಟ್ರಂಪೆಟ್ಟಿಗೆ ಕೊಳವೆ ಸಿಕ್ಕಿಸಿದ ಆಟಿಕೆ, ಟ್ರಂಪೆಟ್ಟಿನವರೇ ಊದ್ಕೊಳ್ಲಿ" ಎಂದ ಬ್ಯಾಂಡ್ ಮಾಸ್ಟರರ ವಿರುದ್ಧ ಸಮಿತಿಗೆ ಒಂಬತ್ತು ಅರ್ಜಿ ಬರೆದೆ. ಹಿಂದಿನ ಕಾಲದಲ್ಲಿ ಗಾಯನವೃಂದದ ಅತಿ ಎತ್ತರದ ದನಿಗೆ ಜೊತೆ ನೀಡಿದ ವಾದ್ಯವಿದು, ಟ್ರಾಂಬೋನ್ ಮನೆತನದ ಕಿರಿಯ ಮಗಳು, ಇವಳನ್ನು ಬೇರೆ ಮನೆಗೆ ದತ್ತು ಕೊಡಲಾಗದು ಎಂದು ವಾದಿಸಿ, ನಮ್ಮ ಸಾಲಿನಲ್ಲಿ ನಾಲ್ಕನೇ ಕುರ್ಚಿ ಹಾಕಿಸಿದೆ. ಹನ್ನೊಂದು ವರ್ಷ ನೀನು ಅದರಲ್ಲಿ ಕುಳಿತೆ. ಹೊರಡುವ ದಿನ "ಅಲ್ಲೂ ಇದನ್ನೇ ಊದ್ತೀನಿ ತಾತ" ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದೆ. ಮಾತು ಕೊಡೆಂದು ನಾನು ಕೇಳಿರಲೂ ಇಲ್ಲ. ಮನಸ್ಸು ಬದಲಾಗಿದ್ದರೆ ಒಂದು ಸಾಲು ಬರೆಯಬಹುದಿತ್ತು. ನಾನು ಬೈಯುತ್ತಿದ್ದೆ, ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಅಷ್ಟೆ. ಬೇರೆಯವರ ಬೆರಳಿನಿಂದ ನಾನಿದನ್ನು ತಿಳಿಯುವಂತೆ ಮಾಡಿದ್ದು ನಂಬಿಕೆದ್ರೋಹವೆಂದು ಅತ್ಯಂತ ವಿಷಾದದಿಂದ ದಾಖಲಿಸುತ್ತೇನೆ.

ಸೋಮವಾರ ಸಮಿತಿಯು ಆ ಕುರ್ಚಿಯನ್ನು ತೆಗೆಯುವ ಬಗ್ಗೆ ತೀರ್ಮಾನಿಸಲಿದೆ. ಅದನ್ನು ಉಳಿಸಿರೆಂದು ಹತ್ತನೇ ಅರ್ಜಿ ಬರೆಯಲು ಕುಳಿತವನು ನಿನಗೆ ಬರೆಯುತ್ತಿದ್ದೇನೆ. ಯಾರಿಗಾಗಿ ಉಳಿಸಲಿ ಎಂಬಲ್ಲಿ ಅರ್ಜಿ ನಿಂತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕತ್ತು ಬೆಚ್ಚಗಿರಲಿ. ನಿನ್ನ ಉಸಿರು ಎಂದಿಗೂ ಕಡಿಮೆಯಾಗದಿರಲಿ.

ಇಂತಿ ನಿನ್ನ ತಾತ,
ನಿವೃತ್ತ ಟೆನರ್ ಟ್ರಾಂಬೋನ್ ವಾದಕ

ಲಕೋಟೆ ಅಂಟಿಸುವ ಮುನ್ನ: ನೀನು ತುಟಿಯಿಟ್ಟು ಊದುವ ಮೌತ್‌ಪೀಸಿನ ಮೇಲೆ ಉಜ್ಜಿದ ಗುರುತಿದೆಯಲ್ಲ, ಕೆಳಗೆ ಬಿದ್ದು ತರಚಿದ್ದೆಂದು ನಾನು ಹೇಳಿದ್ದೆ. ಸುಳ್ಳು. ಅದು ಟ್ರಂಪೆಟ್ಟಿನದು, ನಿನ್ನ ವಾದ್ಯಕ್ಕೆ ಹಿಡಿಸುವುದೇ ಅದು. ಎದುರುಮನೆಯವರಿಂದ ಬೇಡಿ ತಂದು, ಅದರ ಮೇಲೆ ಟ್ರಂಪೆಟ್ ಎಂದು ಕೆತ್ತಿದ್ದ ಅಕ್ಷರಗಳನ್ನು ಅರದಿಂದ ನಾನೇ ಉಜ್ಜಿ ಹಾಕಿದೆ. ಸಮಿತಿಗೂ ತಿಳಿಸಲಿಲ್ಲ, ನಿನಗೂ ತಿಳಿಸಲಿಲ್ಲ. ಏಳನೇ ವಯಸ್ಸಿನಿಂದ ನಿನ್ನ ತುಟಿಯನ್ನು ಟ್ರಂಪೆಟ್ಟಿಗೆ ಪಳಗಿಸಿದವನು ನಾನು. ಎದುರುಮನೆಯವರು ಇಷ್ಟು ವರ್ಷ ಯಾರೆದುರೂ ಬಾಯಿಬಿಡಲಿಲ್ಲ, ಮೊನ್ನೆ ನಕ್ಕಾಗಲೂ. ನಿನಗೆ ಇದು ಯಾವಾಗ ಗೊತ್ತಾಯಿತು? ಇಲ್ಲಿ ಆ ಕುರ್ಚಿಯಲ್ಲಿ ಕುಳಿತಿದ್ದಾಗಲೇ ಗೊತ್ತಿತ್ತೇ? ಬೇರೇನೂ ಬೇಡ, ಅದೊಂದನ್ನು ಸೋಮವಾರದೊಳಗೆ ಬರೆ.